ಹುಲ್ಲೆಗಳ ಕಂಡಿಯಲ್ಲಿ ಕೂತ ದೇವರು

ದಕ್ಷಿಣ ಗಡಿ ಬೇಲಿಯ ಉಸ್ತುವಾರಿ ಹೊತ್ತಿರುವ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಈ ಚಳಿಗಾಲದಲ್ಲಿ ತಮ್ಮ ಬೇಲಿಯ ಬುಡದಲ್ಲಿ ನಲವತ್ತೊಂದು ಹುಲ್ಲೆಗಳು ಸತ್ತವು. ನಾನೇ ಎಣಿಸಿದ್ದು. ಎಣಿಸುವಾಗ ಅಳು ಬಂದೀತೆಂದು ಕಾದೆ, ಬರಲಿಲ್ಲ. ಅಲ್ಲಿರುವ ಕಲ್ಲಿನ ರಾಶಿ ತೆಗೆಸಿಕೊಡಿ ಎಂದು ಬರೆದ ಅರ್ಜಿಗೆ ತಮ್ಮ ಕಚೇರಿಯ ಉತ್ತರವೂ ಬಂತು: "ಸದರಿ ಸ್ಥಳವು ಸಾರ್ವಜನಿಕರ ಪೂಜಾಸ್ಥಳವಾಗಿರುವುದರಿಂದ ಒಂದು ಕಲ್ಲನ್ನೂ ಕದಲಿಸಲು ಅವಕಾಶವಿರುವುದಿಲ್ಲ." ಅದನ್ನು ಓದಿ ನಗುವೂ ಬರಲಿಲ್ಲ. ಇನ್ನೂ ನಾಲ್ಕು ಜನ ಓದಲಿ ಎಂದು ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಮ್ಮ ಗೋಬಿ ಮರುಭೂಮಿಯ ಹುಲ್ಲೆ ಬೇಲಿ ಕಂಡರೆ ಹಾರುವುದಿಲ್ಲ, ತಲೆ ತಗ್ಗಿಸಿ ನುಸುಳಲು ನೋಡುತ್ತದೆ. ಹಿಮ ಎತ್ತ ತೆಳುವೋ ಅತ್ತ ನಡೆಯುವುದು ಅದಕ್ಕೆ ಗೊತ್ತಿರುವ ಒಂದೇ ಕಾನೂನು. ಬೇಲಿ ಹಾಕುವಾಗ ಇದನ್ನು ಯಾರನ್ನಾದರೂ ಕೇಳಿದಿರಾ? ಒಂಟೆ ಕಾಯುವ ನನ್ನ ಗಂಡ ಗೊಂಚಿಗ್ ಅವರನ್ನು ಕೇಳಿದ್ದರೆ ಒಂದು ಬಟ್ಟಲು ಚಹಾ ಕೊಟ್ಟು ಹೇಳುತ್ತಿದ್ದರು. ಯಾರೂ ಕೇಳಲಿಲ್ಲವಾದ್ದರಿಂದ ಅವರು ಒಂದು ಕಡೆ ಕೆಳತಂತಿಯಡಿ ಮೊಳದುದ್ದ ಮಣ್ಣು ತೋಡಿ ಕಂಡಿ ಮಾಡಿದರು. ಗಾಳಿ ತುಂಬಿಹೋದ ಮರಳನ್ನು ದಿನಾ ಬೆಳಿಗ್ಗೆ ಹೋಗಿ ಕೆರೆದು ಬರುತ್ತಿದ್ದರು. ಸಾವಿರಾರು ಕಂಬ, ಎಲ್ಲವೂ ಒಂದೇ ತರಹ. ಗುರುತಿಗೆಂದು ಕಂಡಿಯ ಪಕ್ಕದ ಕಂಬಕ್ಕೆ ಒಂದು ನೀಲಿ ರೇಷ್ಮೆ ವಸ್ತ್ರ ಕಟ್ಟಿದರು.

"ಕಣ್ಣು ಮಂಜಾದ್ರೂ ನೀಲಿ ಕಾಣ್ಸುತ್ತೆ ಕಣೇ," ಎಂದಿದ್ದರು. ಮೂರು ಚಳಿಗಾಲ ಹುಲ್ಲೆಗಳು ಆ ಕಂಡಿಯಲ್ಲಿ ದಾಟಿದವು. ಇದು ಅಪರಾಧವಾದರೆ ಅಪರಾಧಿ ಸಿಕ್ಕಿದ್ದಾನೆ, ಬರೆದುಕೊಳ್ಳಿ.

ಕಳೆದ ಬೇಸಿಗೆಯ ಕೊನೆಗೆ ಒಂಟೆ ಅವರನ್ನು ಕೆಡವಿತು. ಸೊಂಟದ ಮೂಳೆ ಮುರಿಯಿತು. ಎರಡು ತಿಂಗಳು ಅವರೊಂದಿಗೆ ಆಸ್ಪತ್ರೆಯಲ್ಲಿದ್ದು ಬರುವಷ್ಟರಲ್ಲಿ ಆ ಕಂಬದ ಬುಡದಲ್ಲಿ ನನ್ನ ಸೊಂಟದೆತ್ತರ ಕಲ್ಲಿನ ರಾಶಿ ಎದ್ದಿತ್ತು. ಕಂಡಿ ಅದರಡಿ ಮುಚ್ಚಿಹೋಗಿತ್ತು. ತಮಗೆ ಗೊತ್ತಿಲ್ಲದ್ದೇನಲ್ಲ: ನೀಲಿ ವಸ್ತ್ರ ಮತ್ತು ಕಲ್ಲು ಒಟ್ಟಿಗೆ ಕಂಡರೆ ನಮ್ಮ ಜನಕ್ಕೆ ಅದು ಓವೂ, ನೆಲದ ದೇವರ ಜಾಗ. ಹೋಗುವವರು ಬರುವವರೆಲ್ಲ ಒಂದೊಂದು ಕಲ್ಲಿಟ್ಟು, ಹಾಲು ಚಿಮುಕಿಸಿ, ಮೂರು ಸುತ್ತು ಬರಬೇಕು. ತಮ್ಮ ಬೇಲಿಗೆ ಮೂರು ಸುತ್ತು ಬರಬೇಕಾದರೆ ಆರು ಸಲ ಗಡಿ ದಾಟಬೇಕು. ಆದ್ದರಿಂದ ಕಲ್ಲಿದ್ದಲು ಲಾರಿಯವರು ಮೂರು ಸಲ ಹಾರ್ನ್ ಹೊಡೆದು ಮುಂದೆ ಹೋಗುತ್ತಾರೆ.

ಪರಿಚಯದ ಚಾಲಕ ಬದ್ರಾಖ್‌ನ ಲಾರಿಯನ್ನು ತಡೆದು ಕೇಳಿದೆ: "ಇಲ್ಲಿ ದೇವರಿದಾನೆ ಅಂತ ಯಾರೋ ಹೇಳಿದ್ದು ನಿಂಗೆ?"

"ಅಯ್ಯೋ ಅಕ್ಕಾ, ಭಾರೀ ಸತ್ಯದ ದೇವ್ರು! ಇಲ್ಲಿ ಕಲ್ಲಿಟ್ಟ ಮೇಲೆ ಒಂದ್ಸಲಾನೂ ಟೈರ್ ಪಂಚರ್ ಆಗಿಲ್ಲ ನೋಡಿ."

"ಅದರಡಿ ಹುಲ್ಲೆಗಳ ದಾರಿ ಇದೆ ಕಣೋ. ನಿನ್ನ ಗೊಂಚಿಗ್ ಅಣ್ಣ ತೋಡಿದ್ದು."

ಅವನ ಮುಖ ಬಿಳಿಚಿಕೊಂಡಿತು. "ಹಂಗಾದ್ರೆ ತೆಗೆದ್ಬಿಡಿ ಅಕ್ಕಾ."

"ನೀನೇ ತೆಗಿ."

"ನಾನಾ? ಮನೇಲಿ ಸಣ್ಣ ಮಕ್ಕಳಿದಾವೆ, ಬಿಟ್ಬಿಡಿ."

ಓವೂ ಕಲ್ಲಿಗೆ ಕೈಹಾಕಿದವರ ಮನೆ ಉದ್ಧಾರವಾಗುವುದಿಲ್ಲ ಎಂದು ಇಬ್ಬರೂ ಕೇಳಿ ಬೆಳೆದವರೇ. ಅವನು ಲಾರಿ ಹತ್ತಿದ. ಹೋಗುವಾಗ ಅಭ್ಯಾಸಬಲದಿಂದ ಮೂರು ಸಲ ಹಾರ್ನ್ ಹೊಡೆದ.

ಹಿಮ ಬಿದ್ದಾಗ ಹುಲ್ಲೆಗಳು ಬಂದವು, ನೇರವಾಗಿ ಅಲ್ಲಿಗೇ. ಒಂಬತ್ತು ದಿನ ರಾಶಿಯ ಮುಂದೆ ನಿಂತವು. ಪಕ್ಕದಲ್ಲಿ ಇನ್ನೊಂದು ಕಂಡಿ ತೋಡಬಾರದಿತ್ತೇ ಎಂದು ಕೇಳುವಿರಿ. ಹಾರೆ ಹಾಕಿದೆ, ಹೆಪ್ಪುಗಟ್ಟಿದ ನೆಲ ಠಣ್ ಎಂದಿತು. ಭಕ್ತರು ಚಿಮುಕಿಸಿದ ಹಾಲು ಕಲ್ಲುಗಳ ಮೇಲೆ ಗಟ್ಟಿಯಾಗಿತ್ತು. ಒಂದು ಮರಿ ಅದನ್ನು ನೆಕ್ಕುತ್ತಿತ್ತು. ಮಾರನೆಯ ದಿನ ಅದು ಏಳಲಿಲ್ಲ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತಿದೆ. ಇಲ್ಲಿ ಪೂಜಾರಿ ತಾವೇ ಆಗಿದ್ದೀರಿ. ಬೇಲಿ ಹಾಕುವ ದಿನ ಈ ನೆಲದ ದೇವರು ತಮಗೆ ನೆನಪಾಗಲಿಲ್ಲ, ಕಲ್ಲು ತೆಗೆಸಿ ಎಂದ ದಿನ ಎಂಥ ಭಕ್ತಿ ಉಕ್ಕಿತು!

ಗೊಂಚಿಗ್ ಹಾಸಿಗೆಯಲ್ಲಿದ್ದಾರೆ. ದಿನಾ ಬೆಳಿಗ್ಗೆ ಚಹಾ ಕೊಡುವಾಗ ಕೇಳುತ್ತಾರೆ: "ಏನೇ, ದಾಟಿದ್ವಾ?"

"ದಾಟಿದ್ವು ಕಣ್ರೀ."

"ಎಷ್ಟು?"

"ಎಣ್ಸೋಕಾಗ್ಲಿಲ್ಲ, ಅಷ್ಟೊಂದು."

ನಕ್ಕು ಚಹಾ ಕುಡಿಯುತ್ತಾರೆ. ನಿನ್ನೆ ಮಾತ್ರ ಹೀಗೆಂದರು: "ಮುಂದಿನ ಹಿಮಕ್ಕೆ ನನ್ನನ್ನ ಒಂಟೆ ಮೇಲೆ ಕಟ್ಟಿಯಾದ್ರೂ ಕೂರ್ಸು. ಅವು ದಾಟೋದನ್ನ ಒಂದ್ಸಲ ನೋಡ್ಬೇಕು."

ಆಗಲಿ ಎಂದುಬಿಟ್ಟಿದ್ದೇನೆ. ಆದ್ದರಿಂದ ನನ್ನ ಬೇಡಿಕೆ ಇಷ್ಟೇ: ಮುಂದಿನ ಹಿಮ ಬೀಳುವ ಮೊದಲು, ರಾಶಿಯ ಪಕ್ಕದ ಹತ್ತು ಕಂಬಗಳ ಕೆಳತಂತಿ ಬಿಚ್ಚಿಸಿ. ಅಲ್ಲಿ ಯಾವ ದೇವರೂ ಇಲ್ಲ, ಕಲ್ಲೂ ಇಲ್ಲ. ತಮ್ಮ ಭಕ್ತಿಗೆ ಧಕ್ಕೆಯಾಗದು.

ಆ ರಾಶಿಗೆ ಮೊದಲ ಕಲ್ಲು ಇಟ್ಟವರು ಯಾರೆಂದು ತಮ್ಮ ಕಚೇರಿ ವಿಚಾರಿಸಿತ್ತಂತೆ. ಗೊಂಚಿಗ್ ಅವರನ್ನು ಜೀಪಿನಲ್ಲಿ ಮಲಗಿಸಿ ಆಸ್ಪತ್ರೆಗೆ ಹೊರಟ ದಿನ, ದಾರಿಯಲ್ಲಿ ನೀಲಿ ವಸ್ತ್ರ ಕಂಡಿತು. ಇಳಿದು ಓಡಿದೆ. ಕಂಬದ ಬುಡದಲ್ಲಿ ಮೂರು ಕಲ್ಲಿಟ್ಟು ಹಾಲು ಚಿಮುಕಿಸಿ, ಇವರನ್ನು ಉಳಿಸಿಕೊಡು ಎಂದು ಬೇಡಿದೆ.

ಅವರು ಉಳಿದರು.

ಇಂತಿ,
ತಮ್ಮ ಬೇಲಿಗೆ ದೇವರನ್ನು ತಂದು ಕೂರಿಸಿದವಳು,
ಸೆವ್ಜಿದ್