ಅಜ್ಜನ ಯೆಜ್ಡಿ ತೀರ್ಥಹಳ್ಳಿಗೆ ಹೋದದ್ದು

ಸಾಗರ
೧೬ ನವೆಂಬರ್ ೨೦೨೫

ಪ್ರೀತಿಯ ಭವ್ಯಾ,

ನೀನು, ನಿಮ್ಮ ಯಜಮಾನರು, ಪುಟ್ಟ ಸಿಂಚನಾ ಎಲ್ಲರೂ ಸೌಖ್ಯವಾಗಿದ್ದೀರಿ ಅಂದುಕೊಂಡೇ ಶುರು ಮಾಡುತ್ತಿದ್ದೇನೆ. ನಾನೂ ಚೆನ್ನಾಗಿದ್ದೇನೆ ಅಂತ ಬರೆಯುವುದು ರೂಢಿ, ಅದಕ್ಕೇ ಬರೆದಿದ್ದೇನೆ. ಹಬ್ಬ ಕಳೆದ ಮೇಲೆ ನೀನು ಕಳಿಸಿದ ಮೆಸೇಜುಗಳಿಗೆಲ್ಲ ಉತ್ತರ ಕೊಡದೆ ಸುಮ್ಮನೆ ಕೂತಿದ್ದಕ್ಕೆ ಕ್ಷಮಿಸು. ನಿನ್ನ ಮೇಲೆ ಕೋಪವಿಲ್ಲ ಮಾರಾಯ್ತಿ. ಗಾಡಿಯ ಫೋಟೋ ಕಳಿಸು, ಅದರ ಮೇಲೆ ನೀನು ಕೂತಿರುವುದೇ ಬೇಕು ಅಂತ ಬೆನ್ನು ಹತ್ತಿದ್ದೆಯಲ್ಲ, ಆ ಫೋಟೋ ಇಲ್ಲ. ಯಾಕಿಲ್ಲ ಅಂತ ಫೋನಿನಲ್ಲಿ ಹೇಳಲು ಹೋದರೆ ನೀನು ಅರ್ಧಕ್ಕೇ ಬೈಯಲು ಶುರು ಮಾಡುತ್ತೀಯ, ಇನ್ನರ್ಧ ಹೇಳುವಷ್ಟರಲ್ಲಿ ತುಮರಿಯ ನೆಟ್‌ವರ್ಕ್ ಹೋಗಿರುತ್ತದೆ. ಸೇತುವೆ ಆಗಿ ಲಾಂಚು ಕಾಯುವ ಕಷ್ಟ ತಪ್ಪಿದರೂ ನಿಮ್ಮೂರಿನ ಫೋನು ಮಾತ್ರ ಸುಧಾರಿಸಲಿಲ್ಲ. ಹಾಸ್ಟೆಲಿನ ರಜೆಗಳಲ್ಲಿ ಬರೆಯುತ್ತಿದ್ದ ಹಾಗೆ ಕಾಗದವೇ ಸರಿ. ಇದಕ್ಕೆ ನಡುವೆ ಬಾಯಿ ಹಾಕಲು ನಿನಗೆ ಬರುವುದಿಲ್ಲ.

ಮೇಲೆ ಸಾಗರ ಅಂತ ಇರುವುದನ್ನು ನೋಡಿ ಗಾಬರಿಯಾಗಬೇಡ. ಹೊಸನಗರದ ಅಪ್ಪಯ್ಯನ ಮನೆಯಲ್ಲಿ ನಾನು ಈಗ ಇಲ್ಲ. ಅದನ್ನು ಹೇಳುವುದಕ್ಕೇ ಇಷ್ಟೆಲ್ಲ.

ತೀರ್ಥಹಳ್ಳಿಯಿಂದ, ನಿರಂಜನನ ಮನೆಯಿಂದ, ಒಂದು ಬ್ಯಾಗು ಹಿಡಿದುಕೊಂಡು ನಾನು ಅಪ್ಪಯ್ಯನ ಮನೆಗೆ ಬಂದದ್ದು ಹೋಳಿ ಹುಣ್ಣಿಮೆಯ ಹೊತ್ತಿಗೆ. ನನ್ನ ಗಂಡನ ಕೈ ಎಷ್ಟು ಸಲೀಸಾಗಿ ಏಳುತ್ತದೆ ಅಂತ ನಿನಗೊಬ್ಬಳಿಗೆ ಹೇಳಿದ್ದೆ. ಮನೆಯಲ್ಲಿ ಹೇಳಿರಲಿಲ್ಲ. ಹೊಂದಾಣಿಕೆ ಆಗಲಿಲ್ಲ ಅಂದಿದ್ದೆ, ಅಷ್ಟೆ. ಹೊಡೆದವನಿಗೆ ಇಲ್ಲದ ನಾಚಿಕೆ ಹೊಡೆಸಿಕೊಂಡವಳಿಗೆ ಯಾಕೆ ಬರುತ್ತದೆಯೋ ನನಗಂತೂ ಗೊತ್ತಿಲ್ಲ. ವಾಪಸ್ ಹೋಗುವುದಿಲ್ಲ ಅಂತ ನಾನು ಬರುವಾಗಲೇ ತೀರ್ಮಾನ ಮಾಡಿಯಾಗಿತ್ತು. ಅಪ್ಪಯ್ಯನ ಬಾಯಿಂದ ಒಂದೇ ಮಾತು ಬೇಕಿತ್ತು: ಇಲ್ಲೇ ಇರು. ಅಮ್ಮ ಹಾಗನ್ನುವವಳಲ್ಲ, ಅಪ್ಪಯ್ಯ ಏನು ಹೇಳುತ್ತಾರೋ ಅದೇ ಅವಳ ಮಾತು.

ಅಪ್ಪಯ್ಯ ಏನೂ ಹೇಳಲಿಲ್ಲ. ನಿನಗೆ ಗೊತ್ತಲ್ಲ, ಸೀತಾರಾಮಪ್ಪ ಅಂದರೆ ಸಾಗರದಿಂದ ತೀರ್ಥಹಳ್ಳಿಯವರೆಗೆ ಪ್ರತಿ ಸ್ಟಾಪಿನಲ್ಲೂ ನಾಲ್ಕು ಜನಕ್ಕೆ ಪರಿಚಯ. ಆ ರೂಟಿನಲ್ಲಿ ಖಾಸಗಿ ಬಸ್ಸು ಓಡಿಸಿಯೇ ಮುದುಕರಾದವರು. ರಿಟೈರಾದ ಮೇಲೂ ಸಂಜೆ ಬಸ್‌ಸ್ಟ್ಯಾಂಡಿಗೆ ಹೋಗಿ ಟೀ ಕುಡಿಯದಿದ್ದರೆ ಅವರಿಗೆ ದಿನ ಮುಗಿಯುವುದಿಲ್ಲ. ನಾನು ಬಂದ ಮೇಲೆ ಆ ಟೀ ಕಹಿಯಾಯಿತು. ಮಗಳು ಬಂದಿದ್ದಾಳಂತಲ್ಲ, ವಿಶೇಷವಾ ಅಂತ ಒಬ್ಬ ಕೇಳುತ್ತಾನೆ. ಇನ್ನೂ ಹೋಗಲಿಲ್ವಾ ಅಂತ ಇನ್ನೊಬ್ಬ. ಮನೆಗೆ ಬಂದು ಅಪ್ಪಯ್ಯ ಚಪ್ಪಲಿ ಬಿಡುವ ಸದ್ದಿನಲ್ಲೇ ಇವತ್ತು ಎಷ್ಟು ಜನ ಕೇಳಿದರು ಅಂತ ನನಗೆ ತಿಳಿಯುತ್ತಿತ್ತು. ಅಮ್ಮ ಅನ್ನ ಬಡಿಸುವಾಗ ನನ್ನ ಮುಖ ನೋಡುತ್ತಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಅಪ್ಪಯ್ಯ ಕೊಟ್ಟಿಗೆಯ ಮೂಲೆಗೆ ಹೋಗಿ ಟಾರ್ಪಾಲು ಎಳೆದು ಹಾಕಿದರು. ಒಳಗೆ ಅಜ್ಜನ ಯೆಜ್ಡಿ ಬೈಕು. ಸೀಟನ್ನು ಇಲಿ ತಿಂದಿತ್ತು, ಟೂಲ್‌ಬಾಕ್ಸಿನಲ್ಲಿ ಕಣಜದ ಗೂಡು, ಎರಡು ಸೈಲೆನ್ಸರಿಗೂ ತುಕ್ಕು. "ಬಾರೆ ಇಲ್ಲಿ, ಇದನ್ನ ಎಬ್ಬಿಸಾಣ" ಅಂದರು. ನಾನು ಬಂದ ಮೇಲೆ ಅವರು ನನ್ನನ್ನು ಯಾವುದಕ್ಕಾದರೂ ಕರೆದದ್ದು ಅದೇ ಮೊದಲು.

ಆ ಗಾಡಿಯ ಕಥೆ ನಿನಗೆ ಹೇಳಿದ್ದೆನೋ ಇಲ್ಲವೋ. ಗೇಣಿ ಮಾಡುತ್ತಿದ್ದ ಗದ್ದೆ ತನ್ನ ಹೆಸರಿಗೆ ಆದ ಮೇಲೆ ಅಜ್ಜ ತೆಗೆದ ಗಾಡಿ ಅದು. ಒಡೆಯರ ಮನೆಯ ಮುಂದೆ ಇಳಿದು ದೂಡಿಕೊಂಡು ಹೋಗು ಅಂತ ಯಾರೋ ದೊಡ್ಡವರು ಬುದ್ಧಿ ಹೇಳಿದರಂತೆ. ಅಜ್ಜ ಬೇಕಂತಲೇ ಆ ಮನೆ ಮುಂದೆ ಗೇರು ಇಳಿಸಿ, ಎರಡು ಸೈಲೆನ್ಸರಿನಲ್ಲೂ ಹೊಗೆ ಬಿಟ್ಟು, ಹಾರ್ನ್ ಒತ್ತಿಕೊಂಡೇ ಹೋಗುತ್ತಿದ್ದರಂತೆ. ಇದನ್ನು ಹೇಳುವಾಗ ಅಪ್ಪಯ್ಯ ಪ್ರತಿ ಸಲವೂ ನಗುತ್ತಾರೆ. ಮದುವೆಯಾದ ವರ್ಷ ದೀಪಾವಳಿಗೆ ಬಂದ ನಿರಂಜನ ಈ ಗಾಡಿ ಕೇಳಿದ್ದ. ತೀರ್ಥಹಳ್ಳಿಯಲ್ಲಿ ಹಳೇ ಬೈಕಿನವರ ಗುಂಪೊಂದಿದೆ, ಭಾನುವಾರ ಸಾಲಾಗಿ ಹೋಗಿ ಫೋಟೋ ತೆಗೆಸಿಕೊಳ್ಳುತ್ತಾರೆ, ಅವನೂ ಅದರಲ್ಲಿ ಒಬ್ಬ. ಅದೊಂದು ಬಿಟ್ಟು ಬೇರೆ ಏನು ಬೇಕಾದರೂ ಕೇಳಿ ಅಂತ ಅಪ್ಪಯ್ಯ ಕೈ ಮುಗಿದಿದ್ದರು. ಆ ಸಿಟ್ಟನ್ನು ಅವನು ಮನೆಗೆ ಹೋಗಿ ಯಾರ ಮೇಲೆ ತೀರಿಸಿಕೊಂಡ ಅಂತ ಬರೆಯುವುದು ಬೇಡ.

ಅಂಥ ಗಾಡಿಯನ್ನು ನನ್ನ ಜೊತೆ ಕೂತು ಬಿಚ್ಚುತ್ತೇನೆ ಅಂದರೆ ನಾನೇನು ತಿಳಿಯಬೇಕು ಹೇಳು? ನಮ್ಮಪ್ಪಯ್ಯನಿಗೆ ಮಾತು ಬರುವುದಿಲ್ಲ, ಇದೇ ಅವರು ಇಲ್ಲೇ ಇರು ಅನ್ನುವ ರೀತಿ ಅಂದುಕೊಂಡೆ. ಮಳೆಗಾಲ ಪೂರ್ತಿ ಅದೇ ನಂಬಿಕೆಯಲ್ಲಿ ಕಳೆದೆ.

ಅವರಿಗೆ ಮಂಡಿ ನೋವು, ಕೂತರೆ ಏಳಲಾಗದು. ಸ್ಟೂಲಿನ ಮೇಲೆ ಕೂತು ಹೇಳುವುದು ಅವರು, ಮಾಡುವುದು ನಾನು. ನನ್ನನ್ನು ಕಂಡಕ್ಟರ್ ಮಾಡಿಕೊಂಡಿದ್ದರು ಅನ್ನು. ನಟ್ಟು ಬಿಗಿ ಮಾಡುವಾಗ "ರೈಟ್, ರೈಟ್" ಅನ್ನುವುದು, ಸಾಕು ಅನಿಸಿದಾಗ "ಹೋಲ್ಡಾನ್" ಅಂತ ಕೂಗುವುದು. ಪಿಸ್ಟನ್ ಬಿಚ್ಚಿದೆ, ಕ್ಲಚ್ ಪ್ಲೇಟು ತೊಳೆದೆ, ಸೈಲೆನ್ಸರಿನೊಳಗಿನ ಕರಿಯನ್ನು ಬೆಂಕಿಯಲ್ಲಿ ಸುಟ್ಟು ಕುಟ್ಟಿ ತೆಗೆದೆ. ಉಗುರಿನ ಸಂದಿಯ ಕಪ್ಪು ಸೀಗೆಪುಡಿಗೂ ಹೋಗಲಿಲ್ಲ. ಸಿಗದ ಸಾಮಾನಿಗೆ ಅಪ್ಪಯ್ಯನೂ ನಾನೂ ಬಸ್ಸು ಹತ್ತಿ ಸಾಗರಕ್ಕೆ ದುರ್ಗೇಶಣ್ಣನ ಅಂಗಡಿಗೆ ಬರುತ್ತಿದ್ದೆವು. ಹಳೇ ಗಾಡಿಯ ಸ್ಪೇರ್ ಅಂದರೆ ಅವರಲ್ಲೇ. ಬಸ್ಸಿನಲ್ಲಿ ಅಪ್ಪಯ್ಯ ನನ್ನ ಪಕ್ಕ ಕೂತು ಪ್ರತಿ ತಿರುವಿನಲ್ಲೂ ಈಗಿನ ಡ್ರೈವರುಗಳನ್ನು ಬೈಯುತ್ತಿದ್ದರು. ಚಿಕ್ಕವಳಿದ್ದಾಗಲೂ ಅವರ ಜೊತೆ ನಾನು ಅಷ್ಟು ಹೊತ್ತು ಕಳೆದವಳಲ್ಲ. ನನಗೆ ಸುಖವಾಗಿತ್ತು ಭವ್ಯಾ, ಸುಳ್ಳು ಯಾಕೆ ಹೇಳಲಿ.

ಅಮ್ಮ ಒಮ್ಮೆ ಯಾರಿಗೆ ಇದೆಲ್ಲ ಅಂತ ಕೇಳಿದಳು. ಮನೆಯವರಿಗೆ ಅಂದರು ಅಪ್ಪಯ್ಯ. ಆ ಮಾತನ್ನು ಎದೆಗೆ ಅಪ್ಪಿಕೊಂಡು ಮಲಗಿದವಳು ನಾನು. ಅಳಿಯನೂ ಮನೆಯವನೇ ಅನ್ನುವುದು ನನ್ನ ತಲೆಗೇ ಹೊಳೆಯಲಿಲ್ಲ.

ಎಂಜಿನ್ ಎದ್ದ ಮೇಲೆ ಓಡಿಸುವುದನ್ನೂ ಕಲಿಸಿದರು. ಯೆಜ್ಡಿಯದು ಒಂದು ವಿಚಿತ್ರ, ಕಿಕ್ ಹೊಡೆಯುವ ಲಿವರನ್ನೇ ತಿರುಗಿಸಿ ಗೇರು ಮಾಡಿಕೊಳ್ಳಬೇಕು. ಹೈಸ್ಕೂಲು ಮೈದಾನದಲ್ಲಿ ನಾನು ಸುತ್ತು ಹಾಕುವಾಗ ಅಪ್ಪಯ್ಯ ಗೋಲ್‌ಪೋಸ್ಟಿಗೆ ಒರಗಿ ನಿಂತಿರುತ್ತಿದ್ದರು. ಕೊನೆಗೆ ಬಣ್ಣದ ಮಾತು ಬಂತು. ಅಜ್ಜನ ಕಾಲದಲ್ಲಿ ಇದ್ದದ್ದು ಕಪ್ಪು, ಅದನ್ನೇ ಹೊಡೆಸೋಣ ಅಂದೆ ನಾನು. ಅಪ್ಪಯ್ಯ ಬೇಡ, ಕಡುಗೆಂಪು ಅಂದರು. ಯಾಕೆ ಅಂದರೆ ಹೇಳಲಿಲ್ಲ. ವಯಸ್ಸಾದ ಮೇಲೆ ಶೋಕಿ ಬಂದಿದೆ ಅಂತ ನಾನು ತಮಾಷೆ ಮಾಡಿದೆ, ಅವರು ನಗಲಿಲ್ಲ.

ಬಲಿಪಾಡ್ಯಮಿಯ ದಿನ ಗಾಡಿಪೂಜೆ. ಬೆಳಿಗ್ಗೆ ಎದ್ದು ತೊಳೆದೆ, ಒರೆಸಿದೆ. ದನಗಳ ಕೊರಳಿಗೆ ಕಟ್ಟುವ ಅಡಿಕೆ ಸರವನ್ನೇ ಹ್ಯಾಂಡಲಿಗೂ ಕಟ್ಟಿ, ಚೆಂಡು ಹೂವಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆ. ಅದರ ಮೇಲೆ ಗಾಡಿ ಹತ್ತಿಸಿ ಒಡೆಯುವುದು ನಾನೇ ಅಂತ ಲೆಕ್ಕ ಹಾಕಿ, ವೇಲನ್ನು ಸೊಂಟಕ್ಕೆ ಬಿಗಿದುಕೊಂಡು ತಯಾರಾಗಿದ್ದೆ. ಫೋಟೋ ನಿನಗೆ ಕಳಿಸಬೇಕು ಅಂತ ಮೊಬೈಲನ್ನೂ ಅಮ್ಮನ ಕೈಗೆ ಕೊಟ್ಟಿದ್ದೆ. ಅವಳು ಅದನ್ನು ಹಿಡಿದುಕೊಂಡು ಮತ್ತೆ ಮತ್ತೆ ಗೇಟಿನ ಕಡೆ ನೋಡುತ್ತಿದ್ದಳು. ಅಷ್ಟೊಂದು ಹೋಳಿಗೆ ಯಾರಿಗೆ ಮಾಡಿದ್ದಾಳೆ ಅಂತ ನನಗೆ ಹಿಂದಿನ ದಿನವೇ ಅನುಮಾನ ಬರಬೇಕಿತ್ತು.

ಅಂಗಳಕ್ಕೆ ಕಾರು ಬಂದು ನಿಂತಿತು. ನಿರಂಜನ ಇಳಿದ, ಹಿಂದೆ ಅವನ ಸೋದರಮಾವ ಶಿವಮೂರ್ತಿ. ಹೊಸ ಪಂಚೆ, ಹೊಸ ಅಂಗಿ. ನನ್ನ ಕಡೆ ನೋಡುವ ಮೊದಲು ಗಾಡಿಯನ್ನು ಒಂದು ಸುತ್ತು ಬಂದು, ತಾನು ಫೋನಿನಲ್ಲಿ ಹೇಳಿದ ಬಣ್ಣವನ್ನೇ ಮಾಡಿಸಿದ್ದೀರಲ್ಲ ಮಾವ, ಚೆನ್ನಾಗಿದೆ ಅಂದ. ನಾನು ಕಡುಗೆಂಪು ಟ್ಯಾಂಕನ್ನೇ ನೋಡುತ್ತ ನಿಂತುಬಿಟ್ಟೆ.

ಅಪ್ಪಯ್ಯ ಬೀಗದಕೈ ಅವನ ಕೈಯಲ್ಲಿಟ್ಟರು. "ಅವತ್ತು ನೀವು ಕೇಳಿದ್ರಿ, ನಾನು ಇಲ್ಲ ಅಂದಿದ್ದೆ. ಅದ್ನ ಮನಸ್ಸಲ್ಲಿ ಇಟ್ಕಬ್ಯಾಡಿ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಹತ್ತೇ ಮಗಾ. ಹಬ್ಬದ ದಿನ, ಇದ್ರಲ್ಲೇ ಇಬ್ರೂ ಹೋಗಿ" ಅಂದರು. ಒಡೆಯರ ಮನೆ ಮುಂದೆ ಹಾರ್ನ್ ಹೊಡೆದುಕೊಂಡು ಹೋಗುತ್ತಿದ್ದವರ ಮಗ ಕಣೇ ಇವರು, ಅಳಿಯನ ಮುಂದೆ ಬಗ್ಗಿ ನಿಂತಿದ್ದರು.

ನಾನು ಹತ್ತಲ್ಲ ಅಪ್ಪಯ್ಯ ಅಂದೆ. ಜೋರಾಗಿ ಅನ್ನಲಿಲ್ಲ. ಎಲ್ಲರಿಗೂ ಕೇಳಿತು.

ಶಿವಮೂರ್ತಿ ಕೆಮ್ಮಿದರು. ನಿರಂಜನನ ಮುಖ ಕೆಂಪಾಯಿತು, ಆದರೂ ಬೀಗದಕೈ ವಾಪಸ್ ಕೊಡಲಿಲ್ಲ. ಕೊಟ್ಟದ್ದನ್ನು ಬೇಡ ಅಂದರೆ ದೊಡ್ಡವರಿಗೆ ಅವಮಾನ ಅಂತ ಹೇಳಿ ಗಾಡಿ ಹತ್ತಿದ. ನಾಲ್ಕು ದಿನ ಬಿಟ್ಟು ಬರುತ್ತಾಳೆ, ನಾನೇ ಕರೆದುಕೊಂಡು ಬರುತ್ತೇನೆ ಅಂತ ಅಪ್ಪಯ್ಯ ಸಮಾಧಾನ ಹೇಳಿದರು. ಯಾರಿಗೆ ಸಮಾಧಾನ ನೋಡು.

ಮುಂದಿನದನ್ನು ಓದಿ ನೀನು ನಗುತ್ತೀಯೋ ಅಳುತ್ತೀಯೋ ನಿನಗೆ ಬಿಟ್ಟದ್ದು. ಅವನು ಎಷ್ಟು ಕಿಕ್ ಹೊಡೆದರೂ ಗಾಡಿ ಏಳಲಿಲ್ಲ. ಬೆವರು ಇಳಿಯಿತು, ಹೊಸ ಪಂಚೆಗೆ ಎಣ್ಣೆ ಮೆತ್ತಿತು. ಅಪ್ಪಯ್ಯ ನನ್ನನ್ನು ನೋಡಿ, ಒಂದು ಕಿಕ್ ಹೊಡೆದು ಕೊಡೆ ಅಂದರು. ನಾನು ಹೋಗಿ ಹೊಡೆದು ಕೊಟ್ಟೆ, ಭವ್ಯಾ. ತೊಲಗಿದರೆ ಸಾಕು ಅನ್ನಿಸಿತ್ತು. ಒಂದೇ ಕಿಕ್ಕಿಗೆ ಎದ್ದಿತು. ನಿಂಬೆಹಣ್ಣು ಒಡೆಯಿತು, ಅಡಿಕೆ ಸರ ಸಮೇತ ಅಜ್ಜನ ಯೆಜ್ಡಿ ತೀರ್ಥಹಳ್ಳಿ ರಸ್ತೆಗೆ ಹೋಯಿತು. ಸದ್ದು ನಿಲ್ಲುವವರೆಗೂ ಅಪ್ಪಯ್ಯ ಗೇಟಿನ ಹತ್ತಿರವೇ ನಿಂತಿದ್ದರು. ಅಂದು ಹೋಳಿಗೆ ಯಾರೂ ತಿನ್ನಲಿಲ್ಲ.

ಆ ವಾರವೇ ನಾನು ಸಾಗರಕ್ಕೆ ಬಂದೆ. ದುರ್ಗೇಶಣ್ಣನಿಗೆ ಕೌಂಟರಿನಲ್ಲಿ ಕೂರಲು ಜನ ಬೇಕಿತ್ತು, ಸಾಮಾನಿನ ಹೆಸರು ಗೊತ್ತಿರುವವರು ಸಿಗುವುದು ಕಷ್ಟವಂತೆ. ನನಗೆ ಗೊತ್ತಲ್ಲ, ಮಳೆಗಾಲವೆಲ್ಲ ಕಲಿತದ್ದು ಅದನ್ನೇ. ಅವರ ಮನೆಯ ಹಿಂದಿನ ರೂಮು ಕೊಟ್ಟಿದ್ದಾರೆ. ಗಿರಾಕಿಗಳು ಬಂದವರೇ ನನ್ನ ತಲೆಯ ಮೇಲಿಂದ ಒಳಗೆ ಇಣುಕಿ, ಅಣ್ಣ ಇಲ್ವಾ ಅಂತ ಕೇಳುತ್ತಾರೆ. ಇದ್ದಾರೆ, ಆದರೆ ನಿಮಗೆ ಬೇಕಾದ ಕಾರ್ಬೊರೇಟರ್ ಪಿನ್ನು ಎಲ್ಲಿದೆ ಅಂತ ಅವರಿಗೆ ಗೊತ್ತಿಲ್ಲ ಅನ್ನುತ್ತೇನೆ. ಅಮ್ಮ ಎರಡು ಸಲ ಫೋನ್ ಮಾಡಿದಳು, ಊಟದ ವಿಷಯ ಮಾತ್ರ ಕೇಳಿದಳು. ಅಪ್ಪಯ್ಯ ಮಾಡಿಲ್ಲ. ಹಿನ್ನೆಲೆಯಲ್ಲಿ ಅವರ ಕೆಮ್ಮು ಕೇಳಿಸಿತು.

ಪಾಪ, ನಿಮ್ಮಪ್ಪಯ್ಯನಿಗೆ ನಿಜ ಸಂಗತಿ ಗೊತ್ತಿರಲಿಲ್ಲ, ಗೊತ್ತಿದ್ದರೆ ಹಾಗೆ ಮಾಡುತ್ತಿದ್ದರಾ ಅಂತ ನೀನು ಹೇಳುತ್ತೀಯ. ದುರ್ಗೇಶಣ್ಣನ ಹೆಂಡತಿಯೂ ಹಾಗೇ ಹೇಳಿದರು. ನಾನು ಹ್ಞೂಂ ಅಂದೆ.

ಸಿಂಚನಾ ನಡೆಯಲು ಶುರು ಮಾಡಿದ್ದಾಳೆ ಅಂತ ನೀನು ಬರೆದಿದ್ದೆ. ಅವಳ ಕಾಲು ಗಟ್ಟಿಯಾಗಲಿ, ಬಾಯಿ ಅದಕ್ಕಿಂತ ಗಟ್ಟಿಯಾಗಲಿ, ಯಾರ ಮುಂದೆಯೂ ಅವಳಿಗೆ ಹೆದರಿಕೆ ಬಾರದಿರಲಿ. ನಿಮ್ಮ ಮನೆ ತಣ್ಣಗಿರಲಿ. ಸಾಗರಕ್ಕೆ ಬಂದಾಗ ಅಂಗಡಿಗೆ ಬಾ, ಹೊಟ್ಟೆ ತುಂಬ ಬೈದು ಹೋಗು.

ನಿನ್ನ
ಸುಷ್ಮಾ

ವಿ.ಸೂ.: ಕಾಗದ ಮಡಚಿದ ಮೇಲೆ ಮತ್ತೆ ಬಿಚ್ಚಿದ್ದೇನೆ. ನನ್ನ ಎಡಗಿವಿ ಕೇಳುವುದಿಲ್ಲ ಭವ್ಯಾ. ಕೊನೆಯ ಸಲ ಅವನು ಹೊಡೆದಾಗ ಹೋದದ್ದು. ನಾಚಿಕೆಗೆ ನಿನಗೂ ಹೇಳಿರಲಿಲ್ಲ. ಎಂಜಿನ್ ಮೊದಲ ಸಲ ಎದ್ದ ದಿನ ಅಪ್ಪಯ್ಯ ನನ್ನ ಎಡಗಡೆ ನಿಂತು ಏನೋ ಕೇಳಿದರಂತೆ, ನಾನು ತಿರುಗಲಿಲ್ಲವಂತೆ. ಎಂಜಿನ್ ನಿಲ್ಲಿಸಿ ಮತ್ತೆ ಕೇಳಿದರಂತೆ, ಆಗಲೂ ತಿರುಗಲಿಲ್ಲವಂತೆ. ಸಾಗರಕ್ಕೆ ಹೊರಟ ದಿನ ಅಮ್ಮ ಅಳುತ್ತ ಹೇಳಿದಳು. ಆವತ್ತಿನಿಂದ ಅಪ್ಪಯ್ಯ ಏನು ಹೇಳುವುದಿದ್ದರೂ ನನ್ನ ಬಲಗಡೆಗೇ ಬಂದು ಹೇಳುತ್ತಿದ್ದರಂತೆ. ನನಗೆ ಅದು ಗೊತ್ತೇ ಆಗಿರಲಿಲ್ಲ. ಹಬ್ಬದ ದಿನ ಗಾಡಿ ಹೋದ ಮೇಲೆ ಅವರು ಅಡಿಗೆಮನೆಗೆ ಬಂದರು. ನಾನು ಒಲೆಯ ಮುಂದೆ ನಿಂತಿದ್ದೆ. ಬಾಗಿಲು ಇರುವುದು ನನ್ನ ಎಡಕ್ಕೆ. ಅವರು ನನ್ನ ಹಿಂದಿನಿಂದ ಸುತ್ತಿ ಬಂದು, ಬಲಗಡೆ ನಿಂತು, ನನಗೆ ಚೆನ್ನಾಗಿ ಕೇಳುವ ಹಾಗೆ ಹೇಳಿದರು: "ಇನ್ನು ಮೇಲೆ ಕೈ ಎತ್ತಲ್ಲ ಅಂತ ಮಾತು ಕೊಟ್ಟಾರೆ. ಗಾಡಿ ಕೊಟ್ಟಿದ್ದು ಅದಕ್ಕೇ ಕಣೇ ಮಗಾ."