ಬೂದಿ ಬಣ್ಣದ ಚುಕ್ಕೆ

ಹುಣಸಮಾರನಹಳ್ಳಿ
೧೪-೩-೨೦೧೬, ಸೋಮವಾರ

ಪ್ರೀತಿಯ ಕಲಾವತಕ್ಕಾ,

ಹೇಗಿದ್ದೀಯ? ಏಳು ತಿಂಗಳು ತುಂಬಿತಂತೆ, ಹುಣಸೆಹಣ್ಣು ಕಂಡರೆ ಬಿಡುವುದಿಲ್ಲವಂತೆ, ನಿನ್ನ ಗೆಳತಿ ಫರೀದಾ ಹೇಳಿದಳು. ವಿಳಾಸವನ್ನೂ ಅವಳೇ ಕೊಟ್ಟಳು. ನಿನ್ನ ನಂಬರನ್ನು ಅಪ್ಪ ಹೋದ ವರ್ಷವೇ ನನ್ನ ಮೊಬೈಲಿನಿಂದ ತೆಗೆಸಿದ. ಕಾಲು ಊದಿಕೊಂಡಿದ್ದರೆ ಡಾಕ್ಟರಿಗೆ ತೋರಿಸು. ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ ಎಂದು ಬರೆಯಬೇಕು, ಬರೆದಿದ್ದೇನೆ.

ನಾನು ಈಗಲೂ ಯಲಹಂಕದ ನಂದಕುಮಾರಣ್ಣನ ಫೋಟೊ ಸ್ಟುಡಿಯೋದಲ್ಲೇ ಇದ್ದೇನೆ. ಗಾಜು ಒರೆಸುತ್ತಿದ್ದವಳನ್ನು ಅವರು ಕಂಪ್ಯೂಟರಿನ ಮುಂದೆ ಕೂರಿಸಿದ್ದು ನೀನಿದ್ದಾಗಲೇ. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ಫೋಲ್ಡರುಗಳ ಇಂಗ್ಲಿಷ್ ಹೆಸರು ಓದಲಾಗದೆ ತಲೆ ತಗ್ಗಿಸಿದಾಗ "ಅದಕ್ಯಾಕ್ ನಾಚ್ಕೋತೀಯಮ್ಮ, ಬಣ್ಣ ಗೊತ್ತಲ್ಲ?" ಎಂದು ಫೋಲ್ಡರಿನ ಪಕ್ಕ ಚುಕ್ಕೆ ಇಡುವುದನ್ನು ಕಲಿಸಿದರು. ಯಾವುದಕ್ಕೆ ಯಾವ ಬಣ್ಣ ಎಂದು ಗೊತ್ತು ಮಾಡಿದ್ದು ನಾನು. ಮದುವೆಗೆ ಅರಿಶಿನ, ಸೀಮಂತಕ್ಕೆ ಬಳೆಯ ಹಸಿರು, ಗಂಡಿನ ಕಡೆಯವರಿಗೆ ತೋರಿಸುವ ಹುಡುಗಿಯರ ಫೋಟೊಗೆ ನೀಲಿ, ತೀರಿಕೊಂಡವರಿಗೆ ಬೂದಿ. ಬೂದಿ ಚುಕ್ಕೆ ಇದ್ದರೆ ಯಾರನ್ನೂ ಏನೂ ಕೇಳುವುದಿಲ್ಲ; ದೊಡ್ಡದು ಮಾಡಿ, ಕಟ್ಟು ಹಾಕಿಸಿ, ಹನ್ನೊಂದನೇ ದಿನಕ್ಕೆ ಕೊಡುತ್ತೇವೆ. ಊಟಕ್ಕೆ ಕೂತಾಗ ಇದನ್ನೆಲ್ಲ ಹೇಳಿದ್ದೆ, ನೆನಪಿದೆಯಾ? ಮನೆಯಲ್ಲಿ ನಾನು ಅಷ್ಟು ಮಾತಾಡಿದ್ದು ಅದೇ ಮೊದಲು. "ನಮ್ ರಾಧಾ ಮೇಡಮ್ಮಾಗ್ಬುಟ್ಲು" ಎಂದು ನೀನು ಬೆನ್ನಿಗೆ ಗುದ್ದಿದೆ. ಅಪ್ಪ ಉಣ್ಣುತ್ತ ಕೇಳಿಸಿಕೊಳ್ಳುತ್ತಿದ್ದ.

ನೀನು ಹೇಳದೆ ಹೋಗಿ ಮದುವೆಯಾದ ಹತ್ತನೇ ದಿನ ಅಪ್ಪ ಸ್ಟುಡಿಯೋಗೆ ಬಂದ. ನೀಲಿಯಲ್ಲಿ ನಿನ್ನ ಫೋಟೊ ಇತ್ತಲ್ಲ, ಅಮ್ಮನ ರೇಷ್ಮೆ ಸೀರೆಯುಟ್ಟು ನಗು ತಡೆದುಕೊಂಡದ್ದು. "ಅವ್ಳುನ್ನ ಬೂದಿಗಾಕು. ನಮ್ ಪಾಲ್ಗೆ ಓದ್ಲು" ಎಂದ. ನಂದಕುಮಾರಣ್ಣ "ಬದ್ಕಿರೋರ್ದು ನನ್ ಕೈಲಾಗಲ್ಲ ಯಜಮಾನ್ರೇ" ಎಂದು ಕೈಮುಗಿದು ಒಳಗೆ ಎದ್ದು ಹೋದರು. ಆದರೂ ಚುಕ್ಕೆ ಬದಲಾಯಿತು. ಕಟ್ಟು ಹಾಕುವ ಖಾದರ್ ಬಾಷಾ ಏನೂ ಕೇಳಲಿಲ್ಲ, ಬೂದಿಯಲ್ಲಿ ಇದ್ದದ್ದು ತಾನೇ. ಈಗ ಗೋಡೆಯ ಮೇಲೆ, ಅಜ್ಜಿಯ ಪಕ್ಕ, ಕೆಂಪು ಬಲ್ಬಿನ ಕೆಳಗೆ ನೀನು ನಗು ತಡೆದುಕೊಂಡು ಕೂತಿದ್ದೀಯ. ಅಮ್ಮ ಅಜ್ಜಿಗೆ ಹೂವಿಟ್ಟು, ನಿನ್ನ ಕಡೆ ನೋಡದೆ ಹೋಗುತ್ತಾಳೆ.

ಅದೇ ದಿನ ಅಪ್ಪ ನನ್ನನ್ನೂ ನಿಲ್ಲಿಸಿ ಫೋಟೊ ತೆಗೆಸಿದ. ನಿನಗೆ ಗೊತ್ತು ಮಾಡಿದ್ದ ಸೊಣ್ಣಪ್ಪನಿಗೇ ನನ್ನನ್ನು ಕೊಡುತ್ತಾರೆ. ನಿನಗೆ ಬೇಡವಾದವನು ನನಗೆ ಆಗುತ್ತಾನಂತೆ. ಹದಿನೆಂಟು ತುಂಬಲಿ ಎಂದು ಕಾದರು, ಬರುವ ವೈಶಾಖಕ್ಕೆ ಮದುವೆ. ನನ್ನ ಹೆಸರಿನ ಪಕ್ಕ ನೀಲಿ ಚುಕ್ಕೆ ನಾನೇ ಇಟ್ಟುಕೊಂಡೆ. ಒಂದು ಮಾತು, ನನ್ನೊಬ್ಬಳ ಹತ್ತಿರವಾದರೂ, ಹೇಳಿ ಹೋಗಬಹುದಿತ್ತು ಅಕ್ಕಾ.

ಹೊಟ್ಟೆಯಲ್ಲಿರುವುದಕ್ಕೆ ಚಿಕ್ಕಮ್ಮನ ಮುತ್ತು. ಭಾವನಿಗೆ ನಮಸ್ಕಾರ ತಿಳಿಸು. ಮುಖ ನೋಡಿಲ್ಲ, ಆದರೂ ತಿಳಿಸು.

ನಿನ್ನ ತಂಗಿ,
ರಾಧಾಮಣಿ

ಮತ್ತೆ: ಬಾಣಂತನಕ್ಕೆ ಇಲ್ಲಿಗೆ ಬರುತ್ತೇನೆ ಎಂದು ಫರೀದಾಳ ಹತ್ತಿರ ಹೇಳಿ ಕಳಿಸಿದ್ದೀಯಲ್ಲ, ಬರಬೇಡ. ನಿನ್ನ ಹಾಸಿಗೆಯನ್ನು ಆ ಗೋಡೆಯ ಕೆಳಗೇ ಹಾಕಬೇಕಾಗುತ್ತದೆ. ಇನ್ನೊಂದು. ಅಪ್ಪನಿಗೆ ಮೌಸ್ ಹಿಡಿಯಲು ಬರುವುದಿಲ್ಲ. ಬೂದಿ ಒತ್ತಿದ್ದು ನಾನು. ಹೆದರಿ ಅಲ್ಲ, ನಿನ್ನ ಮೇಲಿನ ಸಿಟ್ಟಿಗೆ. ನೀನು ಬಸುರಿ ಎಂದು ತಿಳಿದ ದಿನ ಕಂಪ್ಯೂಟರಿನಲ್ಲಿ ಹಸಿರು ಮಾಡಿದೆ. ಮನೆಗೆ ಬಂದು ಗೋಡೆಯದನ್ನು ಇಳಿಸಲು ಕುರ್ಚಿ ಹತ್ತಿದೆ. ಅಮ್ಮ ನೋಡಿ, "ಇಳಿಯೇ, ಮದ್ವೆ ಎಣ್ಣು, ಬಿದ್ದುಗಿದ್ದೀಯ" ಅಂದಳು. ಇಳಿದೆ.