ಏಳು ನಿಮಿಷ ಮುಂದಿನ ಗಡಿಯಾರ

ಫೆಬ್ರವರಿ 9, ಬೆಳಿಗ್ಗೆ 5.25

ಆರು ಕಿಲೋಮೀಟರ್. ನಲವತ್ತೇಳು ನಿಮಿಷ. ಎಡಗಾಲಿನ ಶೂ ಕಚ್ಚುತ್ತಿದೆ. ಬೇಕರಿ ಮುಂದಿನ ನಾಯಿ ನಾಲ್ಕು ಹೆಜ್ಜೆ ಜೊತೆಗೆ ಓಡಿಬಂದು ನಿಂತುಬಿಟ್ಟಿತು. ನನ್ನ ಸ್ಪೀಡ್ ನೋಡಿ ಅದಕ್ಕೂ ಬೇಜಾರು.

ಅತ್ತೆ ಎದ್ದು ಕೂತಿದ್ದರು. "ಯಾರೇ ಅಟ್ಟಿಸ್ಕೊಂಡು ಬಂದಿದ್ದು?" ದಿನಾ ಅದೇ ಜೋಕು, ದಿನಾ ಅವರೇ ನಗುವುದು. ಆಮೇಲೆ, "ಕಾಲು ಜೋಪಾನ ಕಣೆ. ಹೋದ ವರ್ಷದ್ದು ನೆನಪಿದೆ ತಾನೆ?"

ನೆನಪಿದೆ ಅತ್ತೆ. ನನಗಿಂತ ಚೆನ್ನಾಗಿ ಇನ್ಯಾರಿಗೆ ನೆನಪಿರುತ್ತದೆ.

ಆರಕ್ಕೆ ಶಿಫ್ಟ್. ಹೊರಟೆ.

ಅದೇ ದಿನ, ಮಧ್ಯಾಹ್ನ 3

ಪಂಪ್‌ಹೌಸ್ ಬಾಗಿಲಿಗೆ ನೋಟಿಸ್ ಅಂಟಿಸಿದ್ದಾರೆ. ರಿಲೇ ಓಟ ಮಾರ್ಚ್ 15, ಭಾನುವಾರ. ಐದು ಜನ, ತಲಾ ಹತ್ತು ಕಿಲೋಮೀಟರ್. ನೀರು ಸರಬರಾಜಿನವರು, ಬಸ್ ಡಿಪೋದವರು, ಆಸ್ಪತ್ರೆಯವರು, ಎಲ್ಲರೂ ಬರುತ್ತಾರೆ. ಕೋಲಿಲ್ಲ, ಹೆಗಲಿಗೆ ಹಾಕಿಕೊಳ್ಳುವ ಬಟ್ಟೆ ಪಟ್ಟಿ. ನಮ್ಮದು ನೀಲಿ. ನಮ್ಮವರೇ ಹೊಲಿದುಕೊಟ್ಟಿದ್ದು. ಟೈಲರ್ ಗಂಡ ಇದ್ದರೆ ಇದೊಂದು ಅನುಕೂಲ.

ಒಬ್ಬರಿಂದ ಒಬ್ಬರಿಗೆ ಪಟ್ಟಿ ದಾಟಿಸುವ ಜಾಗಕ್ಕೆಲ್ಲ ಒಂದು ಗಡುವು ಇರುತ್ತದೆ. ಗಡುವಿನೊಳಗೆ ಓಡುವವರು ಬರದಿದ್ದರೆ ಹಾರ್ನ್ ಊದುತ್ತಾರೆ. ಕಾಯುತ್ತಿರುವವನಿಗೆ ಬಿಳಿ ಪಟ್ಟಿ ಹಾಕಿ ಓಡಿಸುತ್ತಾರೆ. ಓಡಬಹುದು, ಆದರೆ ತಂಡ ಲೆಕ್ಕಕ್ಕಿಲ್ಲ.

ಹೋದ ವರ್ಷ ನನ್ನ ನಂತರ ಓಡಬೇಕಿದ್ದ ನಮ್ಮ ಪಂಪ್‌ಹೌಸ್ ಮೇಸ್ತ್ರಿ ಬಿಳಿ ಪಟ್ಟಿಯಲ್ಲಿ ಓಡಿದರು. ನನ್ನಿಂದ.

ಇವತ್ತು ನೋಟಿಸ್ ಓದಿ ಅಂದರು, "ತಂಗಿ, ಮಾರ್ಚ್ 31ಕ್ಕೆ ನಾನು ರಿಟೈರು. ಇದೇ ಕಡೇದು. ಈ ಸಲ ನೀಲಿ ಹಾಕ್ಕೊಂಡೇ ಓಡೋದು."

"ಹೂಂ ಅಣ್ಣ" ಅಂದೆ. ದೇವರಾಣೆ ಇಟ್ಟ ಹಾಗೆ.

ಫೆಬ್ರವರಿ 12

ಬರೆದುಬಿಡುತ್ತೇನೆ. ಇದನ್ನು ಯಾರೂ ಓದುವುದಿಲ್ಲ. ನಮ್ಮವರಿಗೆ ನನ್ನ ಅಕ್ಷರವೇ ಅರ್ಥವಾಗುವುದಿಲ್ಲ.

ಪಂಪ್‌ಹೌಸ್ ಗಡಿಯಾರ ಏಳು ನಿಮಿಷ ಮುಂದಿದೆ. ನಾನು ಸೇರುವ ಮುಂಚಿನಿಂದಲೂ. ಮುಂದಿನ ಶಿಫ್ಟಿಗೆ ಬರುವ ರಿಲೀವರ್ ತಡ ಮಾಡಬಾರದು ಅಂತ. ಒಳಗೆ ಮೊಬೈಲ್ ತರುವ ಹಾಗಿಲ್ಲ, ಗೇಟಿನಲ್ಲೇ ಬಿಡಬೇಕು. ಹಾಗಾಗಿ ವಾಚನ್ನೂ ಆ ಗಡಿಯಾರಕ್ಕೇ ಸೇರಿಸಿಟ್ಟಿದ್ದೇನೆ. ಮನೆಗೆ ಬಂದರೆ ಏಳು ಕಳೆಯುವುದು. ಒಂಬತ್ತು ವರ್ಷದಿಂದ ಕಳೆಯುತ್ತಿದ್ದೇನೆ, ಯೋಚನೆ ಮಾಡದೆ.

ಹೋದ ವರ್ಷ ಒಂದೇ ಒಂದು ಸಲ ಕಳೆಯಲಿಲ್ಲ.

ಗಡುವು 10.40. ವಾಚ್ ನೋಡಿದೆ, 10.41. ಮುಗಿಯಿತು ಅಂದುಕೊಂಡೆ. ಇನ್ನು ನಾನೂರು ಮೀಟರ್ ಇತ್ತು. ಫುಟ್‌ಪಾತ್ ಪಕ್ಕದ ಹಳದಿ ನಲ್ಲಿಕಂಬದ ಹತ್ತಿರ ಕೂತುಬಿಟ್ಟೆ. ಕೂತು ಅಳುತ್ತಿದ್ದೆ. ಆಮೇಲೆ ಹಾರ್ನ್ ಕೇಳಿಸಿತು. ವಾಚ್ ನೋಡಿದೆ: 10.47. ಆಗ ಹೊಳೆಯಿತು, ನಾನು ಕೂತಾಗ ನಿಜಕ್ಕೂ 10.34 ಅಷ್ಟೇ. ನಡೆದುಕೊಂಡು ಹೋಗಿದ್ದರೂ ತಲುಪುತ್ತಿದ್ದೆ.

ಎಲ್ಲರೂ ಓಡಿಬಂದರು. "ಏನಾಯ್ತು?" ಬಾಯಿಗೆ ಬಂದಿದ್ದು, "ಕಾಲು ಹಿಡ್ಕೊಂಡ್ತು."

ನಮ್ಮ ತಂಡದ ಲ್ಯಾಬ್ ಮೇಡಂ ಐಸ್ ತಂದರು. ಅತ್ತೆ ಒಂದು ತಿಂಗಳು ದಿನಾ ಮುಲಾಮು ತಿಕ್ಕಿದರು. ಏನೂ ಆಗದ ಕಾಲಿಗೆ. ಫಿಟ್ಟರ್ ಇವತ್ತಿಗೂ ನನ್ನ ಟೂಲ್ ಬ್ಯಾಗ್ ಹೊತ್ತು ಮೆಟ್ಟಿಲು ಹತ್ತುತ್ತಾನೆ. "ನೀವು ಬಿಡಿ ಅಕ್ಕ, ಕಾಲು."

ನಾಚಿಕೆ. ಬೇರೆ ಮಾತಿಲ್ಲ.

ಫೆಬ್ರವರಿ 15, ಭಾನುವಾರ

ಪಟ್ಟಿ ದಾಟಿಸುವ ಪ್ರಾಕ್ಟೀಸ್. ಟ್ಯಾಂಕ್ ಹಿಂದಿನ ರಸ್ತೆ. ಶಿಫ್ಟ್ ಜನ ನಾವು, ಐವರೂ ಒಟ್ಟಿಗೆ ಸಿಗುವುದೇ ಅಪರೂಪ. ವರ್ಷವೆಲ್ಲ ಶಿಫ್ಟ್ ಬದಲಾಗುವ ಐದು ನಿಮಿಷದ ಪರಿಚಯ.

ಮೊದಲು ಲ್ಯಾಬ್ ಮೇಡಂ, ನೀರು ಪರೀಕ್ಷೆ ಮಾಡುವವರು, ಓಟದಲ್ಲಿ ಜಿಂಕೆ. ಎರಡನೆಯವನು ಎಲೆಕ್ಟ್ರಿಷಿಯನ್, ಎಲ್ಲರೂ ಕರೆಯುವುದು ಶಾಕ್ ಅಂತ. ಮೂರನೆಯವನು ಫಿಟ್ಟರ್. ನಾಲ್ಕನೆಯವಳು ನಾನು. ಐದನೆಯವರು ಮೇಸ್ತ್ರಿ.

ಫಿಟ್ಟರ್ ಓಡಿಬಂದ. ನಾನು ಕೈ ಚಾಚಿ ಪಟ್ಟಿ ಕಿತ್ತುಕೊಳ್ಳುವುದು ಬಿಟ್ಟು ಕೇಳಿದೆ, "ಏನಾದ್ರೂ ಇದ್ಯಾ?" ಅವನೂ ನಿಂತು, "ಏನೂ ಇಲ್ಲ ಅಕ್ಕ" ಅಂದ. "ನಂದು" ಅಂದೆ. ಆಮೇಲೆ ಇಸ್ಕೊಂಡೆ.

ಶಾಕ್ ತಲೆ ಚಚ್ಚಿಕೊಂಡ. "ಇದೇನು ಡ್ಯೂಟಿನಾ? ಓಡ್ರೀ!"

ಏನು ಮಾಡುವುದು, ಅಭ್ಯಾಸ. ಶಿಫ್ಟ್ ಬದಲಾಗುವಾಗ ಬಂದವರು ಪಂಪಿನ ಮೇಲೆ ಅಂಗೈ ಇಟ್ಟು ಕೇಳಬೇಕು, ಏನಾದ್ರೂ ಇದ್ಯಾ. ಹೋಗುವವರು ಇದ್ದದ್ದು ಇದ್ದ ಹಾಗೆ ಹೇಳಬೇಕು. ಸೋರುತ್ತಿದೆಯಾ, ಬಿಸಿಯಾಗುತ್ತಿದೆಯಾ. ಬಂದವರು "ನಂದು" ಅಂದ ಮೇಲೇ ಹೋಗುವವರಿಗೆ ಬಿಡುಗಡೆ. ಪಂಪ್ ಕೆಟ್ಟರೆ ಯಾರೂ ಬೈಯುವುದಿಲ್ಲ. ಕೆಟ್ಟದ್ದನ್ನು ಮುಚ್ಚಿಟ್ಟರೆ ಮೇಸ್ತ್ರಿ ಮುಖ ನೋಡುವುದಿಲ್ಲ.

ಆರು ಸಲ ಪ್ರಾಕ್ಟೀಸ್ ಮಾಡಿದೆವು. ಆರು ಸಲವೂ ಯಾರೋ ಒಬ್ಬರ ಬಾಯಿಂದ ಬಂದೇ ಬಂತು. ಮೇಸ್ತ್ರಿ ನಕ್ಕು, "ಓಡ್ತಾ ಓಡ್ತಾನೇ ಕೇಳೋಣ ಬಿಡ್ರಪ್ಪ" ಅಂದರು.

ಫೆಬ್ರವರಿ 24

ಎಂಟು ಕಿಲೋಮೀಟರ್. ಮಂಡಿಯಲ್ಲಿ ನಿಜವಾಗಿಯೂ ನೋವು. ಕುಂಟುತ್ತಾ ಬಂದೆ. ಇವತ್ತು ಮಾತ್ರ ಅತ್ತೆಗೆ ಹೇಳಲಿಲ್ಲ. ಸುಳ್ಳು ನೋವಿಗೆ ಒಂದು ತಿಂಗಳ ಸೇವೆ ಮಾಡಿಸಿಕೊಂಡವಳಿಗೆ ನಿಜದ ನೋವು ಹೇಳಲು ಬಾಯಿ ಬರುವುದಿಲ್ಲ.

ಮಾರ್ಚ್ 7

ಹತ್ತು ದಿನದಿಂದ ಬರೆದಿಲ್ಲ. ಓಟ, ಡ್ಯೂಟಿ, ನಿದ್ದೆ. ಮಂಡಿ ಪರವಾಗಿಲ್ಲ.

ಹತ್ತು ಕಿಲೋಮೀಟರ್, ಎಪ್ಪತ್ತೈದು ನಿಮಿಷ. ಇದಕ್ಕಿಂತ ಕಡಿಮೆ ಆಗುತ್ತಿಲ್ಲ. ಪ್ಲಾನ್ ಪ್ರಕಾರ ಫಿಟ್ಟರ್ 9.20ಕ್ಕೆ ಬರುತ್ತಾನೆ. ಗಡುವು ಈ ಸಲವೂ 10.40, ನನಗೆ ಎಂಬತ್ತು ನಿಮಿಷ. ಸಾಕು.

ವಾಚಿನ ಚಿಂತೆ. ಸರಿ ಮಾಡಿಟ್ಟುಕೊಂಡರೆ ಡ್ಯೂಟಿಯಲ್ಲಿ ಯಾರಾದರೂ ಕೇಳುತ್ತಾರೆ, ಯಾಕೆ ಅಂತ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಾನು. ಹಾಗೇ ಬಿಟ್ಟರೆ ನನ್ನ ತಲೆಯ ಮೇಲೆ ನನಗೇ ನಂಬಿಕೆ ಇಲ್ಲ.

ಕಟ್ಟುವುದೇ ಇಲ್ಲ. ಹಾರ್ನ್ ಕೇಳುವ ತನಕ ಓಡುವುದು. ಕೇಳಿದ ಮೇಲೂ ಓಡುವುದು. ಕೂರುವುದಿಲ್ಲ. ಸತ್ತರೂ ಕೂರುವುದಿಲ್ಲ.

ಮಾರ್ಚ್ 15, ಬೆಳಿಗ್ಗೆ 8.40

ಮೂರನೇ ಜಾಗ. ಶಾಲೆ ಕಾಂಪೌಂಡ್ ಪಕ್ಕ, ಶಾಮಿಯಾನ. ಮೈಕಿನವನು ಒಂದು ಕ್ಷಣ ಬಾಯಿ ಮುಚ್ಚುತ್ತಿಲ್ಲ. ಶೂ ಲೇಸ್ ನಾಲ್ಕು ಸಲ ಬಿಚ್ಚಿ ಕಟ್ಟಿದೆ. ಕೈ ಖಾಲಿ ಖಾಲಿ. ಮಣಿಕಟ್ಟಿನ ಮೇಲೆ ವಾಚಿನ ಬಿಳಿ ಗುರುತು ಮಾತ್ರ.

ಫೋನ್ ಬಂತು. ಶಾಕ್‌ಗೆ ಹೊಟ್ಟೆ ಕೆಟ್ಟು ದಾರಿಯಲ್ಲಿ ಎರಡು ಸಲ ನಿಂತಿದ್ದಾನೆ. ಫಿಟ್ಟರ್ ತಡವಾಗಿ ಹೊರಟಿದ್ದಾನೆ.

ಎಂಬತ್ತು ನಿಮಿಷ ಸಿಗುವುದಿಲ್ಲ.

ಸಿಕ್ಕಷ್ಟರಲ್ಲಿ ಓಡುವುದು.

ಮಾರ್ಚ್ 15, ಸಂಜೆ 6

ಮೆಟ್ಟಿಲು ಇಳಿಯಲು ಆಗುತ್ತಿಲ್ಲ. ಬರೆಯಲು ಕೈ ಇದೆ, ಸಾಕು.

ಫಿಟ್ಟರ್ ಬಂದಾಗ ಮುಖ ಟೊಮೇಟೊ ಹಣ್ಣು. ನಾನು ಕೇಳುವ ಮೊದಲೇ ಅರಚಿದ, "ಎಪ್ಪತ್ಮೂರೇ ನಿಮಿಷ ಉಳಿದಿರೋದು ಅಕ್ಕ!" ಪಟ್ಟಿ ಇಸ್ಕೊಂಡು "ನಂದು" ಅಂದೆ. ಓಡಿದೆ.

ಎಪ್ಪತ್ತಮೂರು. ನನ್ನ ಜನ್ಮದಲ್ಲಿ ಅಷ್ಟು ಬೇಗ ಓಡಿಲ್ಲ.

ಮೊದಲ ಮೂರು ಕಿಲೋಮೀಟರ್ ಏನೂ ನೆನಪಿಲ್ಲ. ಐದರ ಹತ್ತಿರ ಬಸ್ ಡಿಪೋದ ಡ್ರೈವರ್ ಒಬ್ಬ ನನ್ನನ್ನು ಹಿಂದೆ ಹಾಕಿದ, ಹೊಟ್ಟೆ ಇದ್ದವನು. ಸಿಟ್ಟು ಬಂತು. ಅವನ ಬೆನ್ನು ಬಿಡಲಿಲ್ಲ. ಏಳಕ್ಕೆ ಮಂಡಿ ಮಾತಾಡಲು ಶುರುಮಾಡಿತು. ನೀನು ಹೋದ ವರ್ಷವೇ ಮಾತಾಡಿಯಾಯಿತು, ಈಗ ಸುಮ್ಮನಿರು ಅಂದೆ. ಹತ್ತಾರು ಸಲ ಎಡಗೈ ಎತ್ತಿ ನೋಡಿದೆ. ವಾಚಿಲ್ಲ. ಮತ್ತೆ ಓಡಿದೆ.

ತಿರುವು. ಹಳದಿ ನಲ್ಲಿಕಂಬ. ಅದನ್ನು ನೋಡಿದ್ದೇ ಕಾಲು ತಾನಾಗಿ ನಿಧಾನವಾಯಿತು. ಯಾರೂ ಹೇಳದೆ. ದನ ತನ್ನ ಕೊಟ್ಟಿಗೆ ಕಂಡ ಹಾಗೆ. ಅಲ್ಲಿ ಜೋರಾಗಿ ಕೂಗಿಬಿಟ್ಟೆ, ಏನು ಕೂಗಿದೆನೋ ಗೊತ್ತಿಲ್ಲ, ಪಕ್ಕದಲ್ಲಿದ್ದ ಹೆಂಗಸು ಮಗುವನ್ನು ಎಳೆದುಕೊಂಡಳು. ಹಲ್ಲು ಕಚ್ಚಿ ಕಂಬ ದಾಟಿದೆ.

ಅಲ್ಲಿನ ಮೈಕಿನವನು ಮೂವತ್ತು, ಇಪ್ಪತ್ತೊಂಬತ್ತು ಅಂತ ಎಣಿಸುತ್ತಿದ್ದ. ಬಿಳಿ ಪಟ್ಟಿ ಹಿಡಿದವನು ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದ. ಮೇಸ್ತ್ರಿ ಅವನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನನ್ನ ಕಡೆಗೆ ಕೈ ಚಾಚಿ ನಿಂತಿದ್ದರು, ಪಂಪಿನ ಮೇಲೆ ಇಡುವ ಹಾಗೆ ಅಂಗೈ ಬಿಚ್ಚಿ.

"ಏನಾದ್ರೂ ಇದ್ಯಾ?"

"ಏನೂ... ಇಲ್ಲ."

"ನಂದು."

ಹೋದರು. ನೀಲಿ ಪಟ್ಟಿ ಹಾಕಿಕೊಂಡು. ಹನ್ನೊಂದು ಸೆಕೆಂಡ್ ಉಳಿದಿತ್ತಂತೆ, ಲ್ಯಾಬ್ ಮೇಡಂ ಹೇಳಿದರು. ನೆಲದ ಮೇಲೆ ಬಿದ್ದುಕೊಂಡೇ ಹಾರ್ನ್ ಕೇಳಿದೆ. ಇನ್ಯಾರದ್ದೋ ಹಾರ್ನ್.

ಒಟ್ಟು ನಲವತ್ತು ತಂಡ. ನಾವು ಮೂವತ್ತೆಂಟನೆಯವರು. ಮೇಸ್ತ್ರಿ ಗೆದ್ದವರ ಹಾಗೆ ಕೈ ಎತ್ತಿಕೊಂಡು ಬಂದರು. ಶಾಕ್ ಹೊಟ್ಟೆ ಹಿಡಿದುಕೊಂಡೇ ಕುಣಿದ. ಖುಷಿ. ಇಷ್ಟು ಖುಷಿ ಆಗಿ ಎಷ್ಟು ವರ್ಷವಾಯಿತೋ.

ಮಾರ್ಚ್ 17

ಪಟ್ಟಿಯನ್ನು ಗಡಿಯಾರದ ಕೆಳಗಿನ ಮೊಳೆಗೆ ನೇತುಹಾಕಿದ್ದಾರೆ.

ಕಣ್ಣು ಅಲ್ಲಿಗೇ ಹೋಗುತ್ತದೆ. ಮೇಸ್ತ್ರಿ ಕೇಳಿದರು, ಏನಾದ್ರೂ ಇದ್ಯಾ ಅಂತ. ನಾನು ಏನೂ ಇಲ್ಲ ಅಂದೆ. ಹೋದ ವರ್ಷ ಒಂದು ಸುಳ್ಳು, ಈ ವರ್ಷ ಒಂದು. ತಲುಪಿಸಿದರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದೆ. ಹೋಗಲಿಲ್ಲ. ಬಿಸಿ ತುಪ್ಪ. ನುಂಗಲೂ ಆಗದು, ಉಗುಳಲೂ ಆಗದು.

31ರೊಳಗೆ ಹೇಳಬೇಕು.

ಮಾರ್ಚ್ 26

ಹೇಳಲಿಲ್ಲ.

ಮಾರ್ಚ್ 30

ಇವತ್ತೂ ಇಲ್ಲ. ನಾಳೆ ಅವರ ಕಡೇ ಶಿಫ್ಟ್, ಆರರಿಂದ ಎರಡು. ರಿಲೀವರ್ ನಾನೇ. ಇನ್ನು ತಪ್ಪಿಸಿಕೊಳ್ಳಲು ಜಾಗವಿಲ್ಲ.

ಮಾರ್ಚ್ 31, ಮಧ್ಯಾಹ್ನ 3.15

ಪಂಪ್‌ಹೌಸ್ ಮೇಜು. ಎರಡೂ ಪಂಪ್ ಓಡುತ್ತಿವೆ. ಮೇಸ್ತ್ರಿ ಹೋದರು.

ಬಂದೆ. ಪಂಪಿನ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು. ಕೇಳಿದೆ, "ಏನಾದ್ರೂ ಇದ್ಯಾ ಅಣ್ಣ?"

ಏನೂ ಇಲ್ಲ ಅನ್ನುತ್ತಾರೆ, ಆಮೇಲೆ ನಾನು ಶುರುಮಾಡುವುದು ಅಂತ ಲೆಕ್ಕ ಹಾಕಿಕೊಂಡಿದ್ದೆ. ಅವರು ಲಾಗ್‌ಬುಕ್ ಮುಚ್ಚಿ, "ಇದೆ" ಅಂದರು.

ನಾನು ಪಂಪ್ ನೋಡಿದೆ.

"ಅದರದ್ದಲ್ಲ. ಆ ಗಡಿಯಾರ. ಅದನ್ನ ಮುಂದೆ ಇಟ್ಟೋನು ನಾನು. ಇಪ್ಪತ್ತೆರಡು ವರ್ಷ ಆಯ್ತು. ಹೋದ ವರ್ಷ ನಾನು ಬೇಲಿ ಹತ್ತಿ ನಿಂತು ನಿನ್ನ ದಾರಿ ನೋಡ್ತಿದ್ದೆ ತಂಗಿ. ನೀನು ಕೈ ನೋಡ್ಕೊಂಡೆ, ಕೂತೆ. ಕಾಲು ಹಿಡ್ಕೊಂಡೋರು ಕಾಲು ನೋಡ್ಕೋತಾರೆ. ಕೈ ನೋಡ್ಕೊಳ್ಳಲ್ಲ."

ನನ್ನ ಬಲಗೈ ತಾನಾಗಿ ವಾಚನ್ನು ಮುಚ್ಚಿಕೊಂಡಿತು.

"ಕೂಗಿದೆ. ಆ ಮೈಕಿನ ಗಲಾಟೇಲಿ ನಿಂಗೆ ಕೇಳಲಿಲ್ಲ. ಆಮೇಲೆ ನೀನು ಕಾಲು ಅಂದೆ. ನಾನು ಹೂಂ ಅಂದೆ. ಗಡಿಯಾರ ಅಂದ್ರೆ ನನ್ನ ತಪ್ಪೂ ಹೊರಗೆ ಬರುತ್ತಲ್ಲ. ಒಂದು ವರ್ಷ ನಿನ್ನ ಮುಖ ನೋಡ್ಕೊಂಡು ಸುಮ್ನಿದ್ದೆ. ಹೋಗೋವಾಗ ಮುಚ್ಚಿಟ್ಟು ಹೋಗಬಾರದು."

"ತಪ್ಪು ನಂದು ಅಣ್ಣ. ಏಳು ಕಳೆಯೋದು ಮರೆತೋಳು ನಾನು. ಸುಳ್ಳು ಹೇಳಿದೋಳೂ ನಾನು. ಮೊನ್ನೆ ಮತ್ತೆ ನೀವು ಕೇಳಿದಾಗ್ಲೂ ಏನೂ ಇಲ್ಲ ಅಂದೆ."

"ಮೊನ್ನೆ ನಿಜವಾಗ್ಲೂ ಏನೂ ಇರಲಿಲ್ಲ ಬಿಡು. ಪಟ್ಟಿ ಬಂತಲ್ಲ."

ಇಬ್ಬರೂ ಅತ್ತೆವು. ಅಷ್ಟು ವಯಸ್ಸಾದವರು ಗ್ರೀಸ್ ಬಟ್ಟೆಯಲ್ಲಿ ಮುಖ ಒರೆಸಿಕೊಂಡರು. ಹಣೆಯೆಲ್ಲ ಮಸಿ. ಅದಕ್ಕೆ ನಕ್ಕೆವು.

"ಈಗ ಇಸ್ಕೋ" ಅಂದರು. ಮತ್ತೆ ಅಂಗೈ ಇಟ್ಟು "ನಂದು" ಅಂದೆ. ಅವರು ಚಪ್ಪಲಿ ಹಾಕಿಕೊಂಡು, ತಿರುಗಿ ನೋಡದೆ, ಟಿಫನ್ ಕ್ಯಾರಿಯರ್ ಹಿಡಿದು ಹೋದರು. ದಿನಾ ಹೋಗುವ ಹಾಗೆ.

ಸ್ಟೂಲ್ ಹತ್ತಿ ಗಡಿಯಾರ ಏಳು ನಿಮಿಷ ಹಿಂದಕ್ಕೆ ತಿರುಗಿಸಿದೆ. ಆಮೇಲೆ ವಾಚು.

ಏಪ್ರಿಲ್ 1, ಮಧ್ಯಾಹ್ನ 1.50

ಬೆಳಗಿನ ಶಿಫ್ಟ್ ನನಗೇ ಬಿತ್ತು. ನಿದ್ದೆ ಸಾಲದು, ಆದರೂ ಮೈ ಹಗುರ. ಮನೆಯಲ್ಲಿ ಅತ್ತೆಗೆ ಹೇಳಿಯಾಯಿತು. "ನೋವಿದ್ಯೋ ಇಲ್ವೋ ತಿಕ್ಕಿದ್ರೆ ನಂಗೆ ಗೊತ್ತಾಗಲ್ವೇನೆ" ಅಂದರು. "ಹೇಗೂ ಕಾಲು ಚಾಚ್ಕೊಂಡಿದ್ದೆ, ತಿಕ್ಕಿದೆ."

ಎರಡಕ್ಕೆ ಫಿಟ್ಟರ್ ಬರಬೇಕು. ಅವನಿಗೆ ಹೇಳುವುದು ಎಲ್ಲರಿಗಿಂತ ಕಷ್ಟ. ಒಂದು ವರ್ಷ ಬ್ಯಾಗ್ ಹೊತ್ತಿದ್ದಾನೆ. ಬೈದರೆ ಬೈಯಲಿ. ಕೋಪ ಮಾಡಿಕೊಂಡರೆ ಮಾಡಿಕೊಳ್ಳಲಿ. ಇವತ್ತು ಬ್ಯಾಗ್ ನಾನೇ ಹೊತ್ತು ತಂದೆ.

ಸೈಕಲ್ ಸ್ಟ್ಯಾಂಡ್ ಹಾಕಿದ ಸದ್ದು. ಆಗಲೇ ಬಂದ. ಗಡಿಯಾರದಲ್ಲಿ 1.53. ಪಾಪ, ಇನ್ನೂ ಹಳೇ ಲೆಕ್ಕದಲ್ಲೇ ಇರುವ ಅವನ ವಾಚಿನಲ್ಲಿ ಎರಡು ಹೊಡೆದಿದೆ.

ಇನ್ನೂ ಏಳು ನಿಮಿಷ ಇದೆ. ಹೇಳಲು ಬೇಕಾದಷ್ಟಾಯಿತು.

ಬಾಗಿಲು ತೆಗೆದ. ಕೈ ಒರೆಸಿಕೊಳ್ಳುತ್ತಿದ್ದಾನೆ, ಪಂಪಿನ ಕಡೆಗೆ ಹೋದ. ಈಗ ಕೇಳುತ್ತಾನೆ. ಇದೆ ಅಂತಲೇ ಶುರು—